ಅಪ್ಪರ್ ದೀರ್ ಕಡೆಯವರ ಜೊತೆ ಇರಬೇಕಾದವರಿಗೆ

ಶಾರ್ಜಾದ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಡ್ರೈವರುಗಳೆಲ್ಲ ಪಾಕಿಸ್ತಾನದ ಅಪ್ಪರ್ ದೀರ್ ಕಡೆಯ ಪಠಾಣರು, ಅವರ ಕ್ಯಾಂಪಿನಲ್ಲೇ ಇರಬೇಕು, ಊರಲ್ಲಿ ಅಮ್ಮ ಹೆದರಿದ್ದಾರೆ, ಅವರು ಎಂಥ ಜನ ಎಂದು ಕೇಳಿದ್ದೀರಿ. ಧೈರ್ಯವಾಗಿ ಬನ್ನಿ. ನಾನು ಇಲ್ಲಿ ಇಷ್ಟು ವರ್ಷ ನೆಮ್ಮದಿಯಾಗಿ ಇದ್ದೇನೆ ಅಂದರೆ ಅದರಲ್ಲಿ ಆ ಜನರ ಪಾಲು ದೊಡ್ಡದು. ಆದರೆ ಅವರ ಊರು ಹೇಗಿದೆ ಅಂತ ಸ್ವಲ್ಪ ತಿಳಿದುಕೊಂಡೇ ಬನ್ನಿ.

ದೀರ್ ಇರುವುದು ಪಾಕಿಸ್ತಾನದ ಖೈಬರ್ ಪಖ್ತೂನ್‌ಖ್ವಾ ಪ್ರಾಂತ್ಯದ ಉತ್ತರದಲ್ಲಿ, ಹಿಂದೂಕುಶ್ ಬೆಟ್ಟಗಳ ನಡುವೆ. ಪಶ್ಚಿಮಕ್ಕೆ ಅಫ್ಘಾನಿಸ್ತಾನ, ಪೂರ್ವಕ್ಕೆ ಸ್ವಾತ್, ಉತ್ತರಕ್ಕೆ ಚಿತ್ರಾಲ್. ಪಂಜ್‌ಕೋರಾ ನದಿ ಹಿಮದ ಬೆಟ್ಟಗಳಿಂದ ಇಳಿದು ಅಪ್ಪರ್ ದೀರ್, ಲೋವರ್ ದೀರ್ ಜಿಲ್ಲೆಗಳೆರಡನ್ನೂ ದಾಟಿ ಸ್ವಾತ್ ನದಿಗೆ ಸೇರುತ್ತದೆ. ಊರುಗಳು ಹೆಚ್ಚಾಗಿ ಈ ನದಿ, ಅದರ ಹಳ್ಳಗಳ ಪಕ್ಕದಲ್ಲೇ ಇವೆ. ಮೇಲೆ ಕುಮ್ರಾಟ್ ಕಣಿವೆಯಲ್ಲಿ ದೇವದಾರು ಕಾಡು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದು ಮಲೆನಾಡಿನವರಾದ ನಿಮಗೆ ಗೊತ್ತು. ಅವರಿಗೆ ಅದರ ಜೊತೆ ಚಳಿಗಾಲದ ಹಿಮವೂ ಇದೆ. ಚಿತ್ರಾಲಿಗೆ ಹೋಗುವ ಲೋವಾರಿ ಘಾಟಿ 3,000 ಮೀಟರಿಗಿಂತ ಎತ್ತರ. 2017ರಲ್ಲಿ ಸುರಂಗ ಪೂರ್ತಿಯಾಗುವ ತನಕ ಚಳಿಗಾಲದಲ್ಲಿ ಆ ದಾರಿಯನ್ನು ನಂಬುವ ಹಾಗೇ ಇರಲಿಲ್ಲ.

ಸಮತಟ್ಟು ನೆಲ ಕಡಿಮೆ. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮೆಕ್ಕೆಜೋಳ, ಗೋಧಿ ಬೆಳೆಯುತ್ತಾರೆ. ಆಕ್ರೋಟು ಮರಗಳಿವೆ, ದನ, ಆಡು ಇವೆ. ಆದರೆ 2023ರ ಜನಗಣತಿ ಪ್ರಕಾರ ಅಪ್ಪರ್ ದೀರ್ ಒಂದರಲ್ಲೇ 10 ಲಕ್ಷಕ್ಕೂ ಜಾಸ್ತಿ ಜನ. ಅಷ್ಟು ಜನಕ್ಕೆ ಆ ನೆಲ ಎಲ್ಲಿ ಸಾಲುತ್ತದೆ? ಅದಕ್ಕೇ ಗಂಡಸರು ಗಲ್ಫಿಗೆ ಬಂದು ಸ್ಟೀರಿಂಗ್ ಹಿಡಿಯುತ್ತಾರೆ.

ಇನ್ನೊಂದು ವಿಷಯ. 1969ರ ತನಕ ದೀರ್ ನವಾಬರ ಸಂಸ್ಥಾನವಾಗಿತ್ತು. 1960ರಲ್ಲಿ ಪಾಕಿಸ್ತಾನ ಸರ್ಕಾರ ಗದ್ದುಗೆಯಿಂದ ಇಳಿಸಿದ ನವಾಬ ಶಾ ಜಹಾನ್ ಖಾನ್, ಜನ ಓದುವುದನ್ನೇ ಸಹಿಸದವರು ಎಂದು ಹೆಸರಾದವರು. ಶಾಲೆಗಳು ಅಲ್ಲಿಗೆ ತಡವಾಗಿ ಬಂದವು. ನಿಮ್ಮ ಕ್ಯಾಂಪಿನಲ್ಲಿ ಯಾರಾದರೂ ವಯಸ್ಸಾದ ಕಾಕಾ ಫಾರ್ಮ್ ತುಂಬಿಸಿಕೊಡು ಅಂತ ಬಂದರೆ ಬೇಸರ ಮಾಡದೆ ತುಂಬಿಕೊಡಿ.

ಅಮ್ಮನ ಭಯ ತಾಲಿಬಾನಿನದು, ಅಲ್ವಾ? ಅವರಿಗೆ ಇದನ್ನು ಹೇಳಿ. 2009ರ ಜೂನ್‌ನಲ್ಲಿ ಅಪ್ಪರ್ ದೀರ್‌ನ ಹಳ್ಳಿಯೊಂದರ ಮಸೀದಿಯಲ್ಲಿ, ಶುಕ್ರವಾರದ ನಮಾಜಿನ ಹೊತ್ತಿಗೆ ಬಾಂಬ್ ಸಿಡಿದು ಹಲವರು ಸತ್ತರು. ಸುತ್ತಲಿನ ಹಳ್ಳಿಯವರು ತಾವೇ ಬಂದೂಕು ಹಿಡಿದು ತಾಲಿಬಾನಿನ ಮೇಲೆ ತಿರುಗಿಬಿದ್ದರು. ಆ ಹಿಂಸೆಯಲ್ಲಿ ಬೆಂದವರೇ ಅವರು. ಅವರನ್ನು ತಮಾಷೆಗೂ ತಾಲಿಬಾನ್ ಅನ್ನಬೇಡಿ. ಇಲ್ಲಿ ಬಹಳ ಜನ ಅನ್ನುತ್ತಾರೆ, ನನಗೆ ಕೇಳಲಿಕ್ಕೇ ಆಗುವುದಿಲ್ಲ.

ಪಠಾಣ ಅಂತ ಎಲ್ಲರನ್ನೂ ಒಂದೇ ಮಾಡಿ ನೋಡಬೇಡಿ. ನಿಮ್ಮದು ಯಾವ ಕಣಿವೆ ಅಂತ ಕೇಳಿ. ಅಪ್ಪರ್ ದೀರ್‌ನಲ್ಲೇ ಥಲ್, ಕಾಲ್ಕೋಟ್ ಕಡೆಯವರ ಮನೆಮಾತು ಪಠಾಣರ ಪಶ್ತೋ ಅಲ್ಲ, ಗಾವ್ರಿ. ಚಿತ್ರಾಲಿನವರದ್ದು ಖೋವಾರ್. ಹೊರಗಿನವರು ಇಷ್ಟನ್ನು ಕೇಳಿದರೂ ಸಾಕು, ಮಾತು ಸಲೀಸಾಗುತ್ತದೆ. ಉರ್ದು ಬಹುತೇಕ ಎಲ್ಲರಿಗೂ ಅರ್ಥವಾಗುತ್ತದೆ, ನಿಮ್ಮ ಹಿಂದಿ ಸಾಕು.

ಊರಲ್ಲಿ ಅವರಿಗೆ ಹುಜ್ರಾ ಅಂತ ಇರುತ್ತದೆ. ಗಂಡಸರು ಕೂತು ಮಾತಾಡುವ, ಅತಿಥಿಗಳನ್ನು ಉಳಿಸುವ ಜಾಗ. ಕ್ಯಾಂಪಿನ ಒಂದು ಕೋಣೆಯನ್ನೂ ಅವರು ಹಾಗೇ ಮಾಡಿಕೊಂಡಿರುತ್ತಾರೆ. ಕರೆದರೆ ಹೋಗಿ, ಹಸಿರು ಚಹಾ ಕುಡಿಯಿರಿ. ಮಕ್ಕಳ ಬಗ್ಗೆ, ಹೊಲದ ಬಗ್ಗೆ ಕೇಳಬಹುದು. ಹೆಂಡತಿ, ಅಕ್ಕತಂಗಿಯರ ವಿಷಯ ಮಾತ್ರ ಎತ್ತಬೇಡಿ. ಭಾರತ–ಪಾಕಿಸ್ತಾನದ ಮಾತು ಬಂದರೆ ಸುಮ್ನೆ ಇದ್ದುಬಿಡಿ.

ಮಾಂಸ ತಿನ್ನುವುದಿಲ್ಲ ಅಂದಿದ್ದೀರಿ. ಮೊದಲ ದಿನವೇ ಹೇಳಿಬಿಡಿ, ಮುಚ್ಚಿಡಬೇಡಿ. ನಿಮ್ಮ ಪಾಲಿಗೆ ಬೇಳೆ, ಬಿಸಿ ರೊಟ್ಟಿ ತೆಗೆದಿಟ್ಟು, ನೀವು ಬರುವ ತನಕ ಊಟಕ್ಕೆ ಕಾಯುವವರನ್ನು ನಾನು ಅವರಲ್ಲೇ ಜಾಸ್ತಿ ಕಂಡಿದ್ದೇನೆ.