ಕಾಂಪ್ಸ್‌ಗೆ (ಪ್ರಬಂಧಕ್ಕೆ ಮುಂಚಿನ ಸಮಗ್ರ ಪರೀಕ್ಷೆಗೆ) ಯಾವ ಕ್ಷೇತ್ರ ಸುಲಭ ಎಂದು ಕೇಳಿದ್ದೀರಿ. ನೀವು ನೋಟ್ಸ್ ಹೇಗೆ ಬರೆಯುತ್ತಿದ್ದೀರಿ?

ನಿಮ್ಮದು ಅಮೆರಿಕದಲ್ಲಿ ಸಮಾಜಶಾಸ್ತ್ರದ ಪಿಎಚ್‌.ಡಿ., ಎರಡನೇ ವರ್ಷ, ಓದಬೇಕಾದ 120 ಶೀರ್ಷಿಕೆಗಳ ಪಟ್ಟಿ, ಕೈಯಲ್ಲಿ ಆರು ತಿಂಗಳು. ಸಿದ್ಧಾಂತ ಸುಲಭವೋ ಸ್ತರವಿನ್ಯಾಸ (ಸಮಾಜದಲ್ಲಿನ ಮೇಲು-ಕೀಳು ಶ್ರೇಣಿಗಳ ಅಧ್ಯಯನ) ಸುಲಭವೋ ಅನ್ನುವುದು ನಿಮ್ಮ ಪ್ರಶ್ನೆ. ನಾನೂ ಇದನ್ನೇ ಕೇಳಿಕೊಂಡು ಸೀನಿಯರ್‌ಗಳ ಹಿಂದೆ ತಿರುಗಿದವನು. ಸುಲಭ ಅನ್ನಿಸಿದ್ದಕ್ಕೇ ಸ್ತರವಿನ್ಯಾಸ ಆರಿಸಿಕೊಂಡೆ, ಮೊದಲ ಸಲ ಫೇಲಾದೆ. ಓದದೆ ಫೇಲಾದದ್ದಲ್ಲ, ಪಟ್ಟಿಯನ್ನು ಪೂರ್ತಿ ಓದಿಯೇ ಫೇಲಾದೆ.

ತಪ್ಪು ಆದದ್ದು ನೋಟ್ಸಿನಲ್ಲಿ. ಪುಸ್ತಕಕ್ಕೊಂದು ಹಾಳೆ ಅಂತ ಇಟ್ಟುಕೊಂಡಿದ್ದೆ. ಮೇಲೆ ಲೇಖಕರ ಹೆಸರು, ವರ್ಷ. ಕೆಳಗೆ ವಾದ, ದತ್ತಾಂಶ, ವಿಧಾನ, ತೀರ್ಮಾನ. ನೋಡುವುದಕ್ಕೆ ಅಚ್ಚುಕಟ್ಟು. ಆದರೆ ಪರೀಕ್ಷೆಯಲ್ಲಿ ಯಾರೂ ಪುಸ್ತಕದ ಬಗ್ಗೆ ಕೇಳುವುದಿಲ್ಲ. "ಶಿಕ್ಷಣ ಅಸಮಾನತೆಯನ್ನು ತಗ್ಗಿಸುತ್ತದೆಯೋ, ಮುಂದಿನ ತಲೆಮಾರಿಗೆ ದಾಟಿಸುತ್ತದೆಯೋ?" ಎಂಬಂಥ ಪ್ರಶ್ನೆ ಬರುತ್ತದೆ. ಹಾಳೆಗಳು ಲೇಖಕರ ಹೆಸರಿನ ಮೇಲೆ ಜೋಡಣೆಯಾಗಿದ್ದರೆ ತಲೆಯೊಳಗೂ ಹಾಗೇ ಇರುತ್ತವೆ, ಉತ್ತರವೂ ಹಾಗೇ ಇಳಿಯುತ್ತದೆ: ಇವರು ಹೀಗೆಂದರು, ಅವರು ಹಾಗೆಂದರು. ಪರೀಕ್ಷಕರಿಗೆ ಅದು ಸಾರಾಂಶಗಳ ಸರಮಾಲೆಯಂತೆ ಕಾಣುತ್ತದೆ. ಅವರು ನೋಡುವುದು ಒಂದೇ: ಈ ವಿದ್ಯಾರ್ಥಿಗೆ ಜಗಳ ಎಲ್ಲಿದೆ ಎಂದು ಗೊತ್ತೇ, ಅದರಲ್ಲಿ ಒಂದು ಪಕ್ಷ ಹಿಡಿದು ಸಮರ್ಥಿಸಿಕೊಳ್ಳಬಲ್ಲರೇ?

ಎರಡನೇ ಸಲ ಹಾಳೆಯ ತಲೆಬರಹಕ್ಕೆ ಪ್ರಶ್ನೆ ಬರೆದೆ. ಮೇಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ, ಅದಕ್ಕೆ ಸಮಾಜಶಾಸ್ತ್ರಜ್ಞರು ಕೊಟ್ಟ ಉತ್ತರಗಳು ಹೀಗಿವೆ. 1967ರಲ್ಲಿ ಬ್ಲೌ ಮತ್ತು ಡಂಕನ್: ಅಪ್ಪನ ಸ್ಥಾನಮಾನ ಮಗನ ಉದ್ಯೋಗವನ್ನು ತಲುಪುವುದು ಹೆಚ್ಚಾಗಿ ಮಗನ ಶಿಕ್ಷಣದ ಮೂಲಕ. 1969ರಲ್ಲಿ ಸೆವೆಲ್, ಹಾಲರ್, ಪೋರ್ಟೆಸ್: ನಡುವೆ ಆಕಾಂಕ್ಷೆ ಮತ್ತು ಆಪ್ತರ ಪ್ರೋತ್ಸಾಹವೂ ಇದೆ. 1988ರಲ್ಲಿ ಹೌಟ್: ಕಾಲೇಜು ಪದವಿ ಪಡೆದವರಲ್ಲಿ ಹುಟ್ಟಿದ ಮನೆಗೂ ತಲುಪಿದ ಸ್ಥಾನಕ್ಕೂ ನಂಟೇ ಉಳಿಯುವುದಿಲ್ಲ. 2011ರಲ್ಲಿ ಟೋರ್ಚೆ: ಸರಿ, ಆದರೆ ಸ್ನಾತಕೋತ್ತರ ಪದವೀಧರರಲ್ಲಿ ಆ ನಂಟು ಮತ್ತೆ ತಲೆ ಎತ್ತುತ್ತದೆ. 2019ರಲ್ಲಿ ಝೌ: ಕಾಲೇಜಿಗೆ ಯಾರು ಹೋಗುತ್ತಾರೆ ಎಂಬ ಆಯ್ಕೆಯನ್ನು ಲೆಕ್ಕಕ್ಕೆ ತಂದರೆ ಪದವಿಯ ಸಮೀಕರಿಸುವ ಶಕ್ತಿ ಬಹುಪಾಲು ಕರಗಿಹೋಗುತ್ತದೆ. ಇಷ್ಟೂ ಒಂದೇ ಹಾಳೆಯಲ್ಲಿ. ಪಕ್ಕದಲ್ಲಿ ಇನ್ನೊಂದು ಅಂಕಣ: ಭಿನ್ನಾಭಿಪ್ರಾಯ ಯಾಕೆ? ಅಳೆದದ್ದು ಉದ್ಯೋಗವನ್ನೋ ಆದಾಯವನ್ನೋ, ಯಾವ ತಲೆಮಾರನ್ನು, ಯಾವ ವಿಧಾನದಿಂದ? ಈ ಅಂಕಣವೇ ನಿಮ್ಮ ಉತ್ತರದ ಬೆನ್ನೆಲುಬು. ಒಂದು ಕ್ಷೇತ್ರಕ್ಕೆ ಇಂಥ 15ರಿಂದ 20 ಹಾಳೆ ಸಾಕು. ಒಂದು ಶೀರ್ಷಿಕೆ ಮೂರು ಹಾಳೆಗಳಲ್ಲಿ ಬಂದರೆ ಅದು ಮುಖ್ಯ ಎಂದರ್ಥ. ಯಾವ ಹಾಳೆಗೂ ಹೊಂದದಿದ್ದರೆ, ಅದನ್ನು ಪಟ್ಟಿಯಿಂದ ತೆಗೆಯಲು ಪರೀಕ್ಷಕರನ್ನು ಕೇಳಿ.

ಆರು ತಿಂಗಳೆಂದರೆ ಸುಮಾರು 25 ವಾರ. ಕೊನೆಯ ಆರು ವಾರ ಬರೆಯುವುದಕ್ಕೇ ಮೀಸಲಿಡಿ. ಉಳಿದ 19 ವಾರಕ್ಕೆ 120 ಹಂಚಿದರೆ ವಾರಕ್ಕೆ ಆರಕ್ಕಿಂತ ಸ್ವಲ್ಪ ಹೆಚ್ಚು. ಪಾಠ ಹೇಳುವ ಟಿಎ ಕೆಲಸದ ಜೊತೆಗೆ ಇಷ್ಟನ್ನೂ ಅಕ್ಷರಕ್ಷರ ಓದಲಾಗದು, ಓದಬೇಕಾಗಿಯೂ ಇಲ್ಲ. ಲೇಖನಗಳನ್ನು ಪೂರ್ತಿ ಓದಿ. ಪುಸ್ತಕಗಳಲ್ಲಿ 20 ಮಾತ್ರ ಪೂರ್ತಿ. ಮಿಕ್ಕವುಗಳಲ್ಲಿ ಪೀಠಿಕೆ, ಕೊನೆಯ ಅಧ್ಯಾಯ, ವಿಧಾನದ ಭಾಗ, ಒಂದು ದತ್ತಾಂಶದ ಅಧ್ಯಾಯ, ಜೊತೆಗೆ ಜರ್ನಲ್‌ನಲ್ಲಿ ಬಂದ ಎರಡು ವಿಮರ್ಶೆ. ಕಳೆದ ಐದು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ವಿಭಾಗದ ಕೋಆರ್ಡಿನೇಟರ್ ಹತ್ತಿರ ಕೇಳಿ ಇಸಿದುಕೊಳ್ಳಿ, ಇದಕ್ಕೆ ಸಂಕೋಚ ಬೇಡ. ಪರೀಕ್ಷೆಯ ರೂಪವನ್ನೂ ಈಗಲೇ ಕೇಳಿ: ಕೆಲವು ಕಡೆ ಒಂದು ದಿನ ಕೂರಿಸಿ ಬರೆಸುತ್ತಾರೆ, ಕೆಲವು ಕಡೆ 72 ಗಂಟೆ ಮನೆಗೆ ಕೊಡುತ್ತಾರೆ, ಬರ್ಕ್ಲಿಯಂಥಲ್ಲಿ ಮೌಖಿಕ. ಎಂಟು ಗಂಟೆಗೆ ಮೂರು ಪ್ರಶ್ನೆಯಿದ್ದರೆ ಪ್ರತಿಯೊಂದಕ್ಕೂ ಮೊದಲ ಅರ್ಧ ಗಂಟೆ ರೂಪರೇಖೆಗೆ. ಮೊದಲ ಪ್ಯಾರಾದಲ್ಲೇ ನಿಮ್ಮ ನಿಲುವು ಹೇಳಿಬಿಡಿ.

ಕ್ಷೇತ್ರದ ಆಯ್ಕೆಗೆ ಬಂದರೆ, ಸುಲಭ-ಕಷ್ಟ ಎಂಬ ತಕ್ಕಡಿಯನ್ನೇ ಬಿಡಿ. ಮುಂದೆ ಪ್ರಾಸ್ಪೆಕ್ಟಸ್‌ನ (ಪ್ರಬಂಧದ ಯೋಜನಾ ಪತ್ರದ) ಹಿಂದಿನ ಅಧ್ಯಯನಗಳ ಸಮೀಕ್ಷೆ ಈ ಓದಿನಿಂದಲೇ ಬರಬೇಕು, ಪ್ರಬಂಧದ ಸಮಿತಿಯಲ್ಲಿ ಕೂರುವವರೇ ಆದಷ್ಟು ಪರೀಕ್ಷಕರಾಗಬೇಕು. ಅದು ಬಿಟ್ಟು ಆರಿಸಿಕೊಂಡರೆ ಒಂದು ವರ್ಷ ಪಕ್ಕಕ್ಕೆ ಇಟ್ಟಂತೆ. ಜಾತಿಯ ಮೇಲೆ ಕೆಲಸ ಮಾಡುವುದಾದರೆ ಅದನ್ನು ಸ್ತರವಿನ್ಯಾಸದ ಪಟ್ಟಿಗೇ ಸೇರಿಸಿ, ಆದರೆ 'ಭಾರತ' ಎಂಬ ಬೇರೆ ಉಪಪಟ್ಟಿ ಮಾಡಬೇಡಿ. ಮಾಡಿದರೆ ಅದರಿಂದ ಪ್ರಶ್ನೆ ಬರುವುದೂ ಇಲ್ಲ, ಉತ್ತರದಲ್ಲಿ ಅದು ಬೆರೆಯುವುದೂ ಇಲ್ಲ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ರಾಂಪುರ ಎಂಬ ಹಳ್ಳಿಯಲ್ಲಿ ಗುರುತಿಸಿದ ಪ್ರಬಲ ಜಾತಿಯ ಲಕ್ಷಣಗಳಲ್ಲಿ ಸಂಖ್ಯೆ, ಭೂಮಿ, ರಾಜಕೀಯ ಬಲ ಇವೆ, ಧಾರ್ಮಿಕ ಆಚರಣೆಯ ಶ್ರೇಣಿ ಇದೆ, ಆಧುನಿಕ ಶಿಕ್ಷಣ ಮತ್ತು ನೌಕರಿಯೂ ಇವೆ. ಅದನ್ನು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್‌ನ ವರ್ಗ ಮತ್ತು ಅಂತಸ್ತಿನ ಪಕ್ಕ ಇಟ್ಟು ನೋಡಿ, ಎಷ್ಟು ಬಲವಾದ ಹಾಳೆ ಆಗುತ್ತದೆ! ಅಂತಿಮ ಪಟ್ಟಿಗೆ ಪರೀಕ್ಷಕರೆಲ್ಲರ ಒಪ್ಪಿಗೆ ಮೇಲ್‌ನಲ್ಲಿ ಇರಲಿ. ಬಾಯಿಮಾತಿನ ಒಪ್ಪಿಗೆ ಪರೀಕ್ಷೆಯ ಹೊತ್ತಿಗೆ ಮರೆತುಹೋಗಿರುತ್ತದೆ.

ಫೇಲಾದರೆ ಸಾಮಾನ್ಯವಾಗಿ ಇನ್ನೊಂದು ಅವಕಾಶ ಇರುತ್ತದೆ. ಎರಡನೆಯದೂ ಹೋದರೆ ಎಂ.ಎ. ಕೊಟ್ಟು ಕಳಿಸುವುದೇ ರೂಢಿ, ಎಫ್-1 ವಿದ್ಯಾರ್ಥಿ ವೀಸಾದವರಿಗೆ ಅದು ವಾಸ್ತವ್ಯದ ಪ್ರಶ್ನೆಯೂ ಹೌದು. ಹಾಗಾಗಿ ಮೊದಲ ಫಲಿತಾಂಶ ಬಂದ ವಾರವೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ.

ಪಾಸಾದ ತಕ್ಷಣ ಕ್ಯಾಂಡಿಡೇಟ್ (ಪ್ರಬಂಧವೊಂದೇ ಬಾಕಿ ಇರುವ ವಿದ್ಯಾರ್ಥಿ) ಆಗಿಬಿಡುವುದಿಲ್ಲ. ಹೆಚ್ಚಿನ ಕಡೆ ಪ್ರಾಸ್ಪೆಕ್ಟಸ್ ಮಂಡಿಸಿ, ಸಮಿತಿಯ ಸಹಿ ಹಾಕಿಸಿ, ಅರ್ಜಿ ಸಲ್ಲಿಸಬೇಕು. ನೀವು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾವುದೇ ಕ್ಯಾಂಪಸ್‌ನಲ್ಲಿದ್ದರೆ ಈ ಅರ್ಜಿಗೆ ಹಣದ ಬೆಲೆಯಿದೆ: ಆ ರಾಜ್ಯದ ಹೊರಗಿನವರ ಮೇಲೆ ಬೀಳುವ ವರ್ಷಕ್ಕೆ 15,102 ಡಾಲರ್ ಹೆಚ್ಚುವರಿ ಶುಲ್ಕ ಕ್ಯಾಂಡಿಡೇಟ್ ಆದ ಮೇಲೆ ಗರಿಷ್ಠ ಮೂರು ವರ್ಷ ಮನ್ನಾ. ನೀವು ರಜೆ ಹಾಕಿ ಊರಿಗೆ ಬಂದರೂ ಆ ಮೂರು ವರ್ಷ ಓಡುತ್ತಲೇ ಇರುತ್ತದೆ.

ಕ್ಷೇತ್ರಕಾರ್ಯ ಕರ್ನಾಟಕದ ಹಳ್ಳಿಯಲ್ಲಾದರೆ ಐಆರ್‌ಬಿ (ಸಂಶೋಧನೆಯಲ್ಲಿ ಭಾಗವಹಿಸುವ ಜನರ ಹಿತ ಕಾಯುವ ವಿಶ್ವವಿದ್ಯಾಲಯದ ಸಮಿತಿ) ಅನುಮತಿಗೆ ಪ್ರಾಸ್ಪೆಕ್ಟಸ್ ಜೊತೆಯಲ್ಲೇ ಅರ್ಜಿ ಹಾಕಿ. ಅನುಮತಿಗೆ ಮುಂಚೆ ಮಾಡಿದ ಸಂದರ್ಶನವನ್ನು ಪ್ರಬಂಧದಲ್ಲಿ ಬಳಸಲು ಬಿಡುವುದಿಲ್ಲ. ಸಂದರ್ಶನ ಕೊಡುವವರ ಒಪ್ಪಿಗೆಯ ಮಾತನ್ನು ಕನ್ನಡದಲ್ಲಿ ಬರೆದು ಲಗತ್ತಿಸಿ, ಸಹಿಯ ಬದಲು ಮೌಖಿಕ ಒಪ್ಪಿಗೆಗೆ ವಿನಾಯಿತಿ ಕೇಳಿ. ಸಹಿ ಹಾಕುವ ರೂಢಿಯಿಲ್ಲದ ಸಮುದಾಯಗಳಿಗೆ ಅಮೆರಿಕದ ನಿಯಮದಲ್ಲೇ ಅವಕಾಶವಿದೆ. ಮುದ್ರಿತ ಹಾಳೆ ಚಾಚಿ ಹೆಬ್ಬೆಟ್ಟು ಒತ್ತಿ ಎಂದರೆ, ಜಮೀನಿನ ಕಾಗದವೋ ಸಾಲದ ಕಾಗದವೋ ಎಂದು ಹೆದರಿ ಜನ ಬಾಯಿಯೇ ಬಿಡುವುದಿಲ್ಲ.