ಬಸುರಿ ಆದಾಗ ಇಮ್ಯುನಿಟಿ ಕಮ್ಮಿ ಆಗ್ತೈತಾ?
ತಂಗಿಗೆ ಎಂಟು ತಿಂಗಳು, ಬಿಳಿ ರಕ್ತಕಣ 13,000 ಬಂದೈತೆ, ಬಸುರಲ್ಲಿ ಇಮ್ಯುನಿಟಿ ಕಮ್ಮಿ ಅಂತಾರೆ ಮತ್ತೆ ಕಣ ಯಾಕೆ ಜಾಸ್ತಿ ಅಂತ ಕೇಳಿದೀರಿ. ನಾನು ದಾವಣಗೆರೆಲಿ ಲ್ಯಾಬ್ ಟೆಕ್ನಿಷಿಯನ್ ರೀ, ಇಂಥ ರಿಪೋರ್ಟ್ ದಿನಾ ನೋಡ್ತೀನಿ, ಆದ್ರೆ ಇದು ನನಗೆ ಸರಿಯಾಗಿ ಅರ್ಥ ಆಗಿದ್ದು ನನ್ನ ಬೆರಳಿಂದ.

ನನಗೆ ರುಮಟಾಯ್ಡ್ ವಾತ ಐತೆ. ಅಂದ್ರೆ ನಮ್ಮ ಇಮ್ಯೂನ್ ಸಿಸ್ಟಮ್ಮೇ ನಮ್ಮ ಕೀಲಿನ ಮೇಲೆ ಬೀಳೋದು. ರೊಟ್ಟಿ ಬಡಿಯೋಕೆ ಅಂಗೈ ಬಿಚ್ಚೋಕೆ ಆಗ್ತಿರಲಿಲ್ಲ, ಬಸುರಿ ಆಗಿ ಐದನೇ ತಿಂಗಳಿಗೆ ಸೀರೆ ಹಿಂಡಿ ಒಣಗಾಕ್ತಿದ್ದೆ. ಹೆರಿಗೆ ಆಗಿ ಚಿತ್ರದುರ್ಗದಲ್ಲಿ ತವರಲ್ಲಿ ಬಾಣಂತನ ಮಾಡಿಸ್ಕೊಳ್ಳುವಾಗ, ಎರಡನೇ ತಿಂಗಳಿಗೆ, ಕೂಸಿನ ಜಬಲಾ ದಾರ ಕಟ್ಟೋಕೂ ಬೆರಳು ಮಡಚಲಿಲ್ಲ, ಅವ್ವನೇ ಕಟ್ತಿದ್ಲು. ಈ ವಾತ ಇರೋರಲ್ಲಿ ಸುಮಾರು ಅರ್ಧ ಜನಕ್ಕೆ ಹಿಂಗೇ ಬಸುರಲ್ಲಿ ಕಮ್ಮಿ ಆಗ್ತೈತಂತೆ, ಲೂಪಸ್ (ಇದೂ ಇಮ್ಯೂನ್ ಸಿಸ್ಟಮ್ ನಮ್ಮ ಮೈ ಮೇಲೇ ಬೀಳೋ ಕಾಯಿಲೆ) ಇದ್ದೋರಿಗೆ ಮಾತ್ರ ಬಸುರಲ್ಲೇ ಜಾಸ್ತಿ ಆಗಬಹುದು.

ಕೂಸಲ್ಲಿ ಅರ್ಧ ಅಪ್ಪಂದು ಅಲ್ವಾ, ತಾಯಿ ಮೈಗೆ ಅದು ಪರಕೀಯನೇ, ಮತ್ಯಾಕೆ ಹೊರಗೆ ಹಾಕಲ್ಲ ಅಂತ ಪೀಟರ್ ಮೆಡವಾರ್ ಅನ್ನೋ ವಿಜ್ಞಾನಿ 1953ರಲ್ಲೇ ಕೇಳಿದ್ರು. ಇಮ್ಯುನಿಟಿ ಮಲಗಿಬಿಡೋದಲ್ಲ ರೀ, ಕೆಲಸ ಬದಲಾಯಿಸ್ತೈತೆ. ಟಿ-ರೆಗ್ ಅನ್ನೋ ಕಣಗಳು ಹೆಚ್ಚಾಗಿ ಜಗಳ ತಡೀತಾವೆ, ಗರ್ಭಕೋಶದಲ್ಲಿರೋ ನ್ಯಾಚುರಲ್ ಕಿಲ್ಲರ್ ಕಣಗಳು ಹೆಸರಿಗೆ ಕಿಲ್ಲರ್ರು, ಅಲ್ಲಿ ಮಾಡೋದು ಮಾಸಿಗೆ ರಕ್ತ ಚೆನ್ನಾಗಿ ಹರಿಯೋ ಹಂಗೆ ರಕ್ತನಾಳ ಅಗಲ ಮಾಡೋ ಕೆಲಸ. ಅದೇ ಹೊತ್ತಿಗೆ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಗಳು ಏರ್ತಾವೆ, ಅದಕ್ಕೇ ಬಸುರಲ್ಲಿ 15,000ದವರೆಗೂ ಸಾಮಾನ್ಯ. ನೋವು ಶುರು ಆದ್ಮೇಲೆ 20,000 ದಾಟಿದ್ದನ್ನೂ ನಾನೇ ಎಣಿಸಿದೀನಿ, ಯಾಕಂದ್ರೆ ಹೆರಿಗೆನೇ ಒಂಥರಾ ಉರಿಯೂತ, ಬಿಳಿ ಕಣಗಳು ಗರ್ಭಕೋಶದ ಬಾಯಿಗೆ ನುಗ್ಗಿ ಅದನ್ನ ಮೆತ್ತಗೆ ಮಾಡೋಕೆ ಸಹಾಯ ಮಾಡ್ತಾವೆ, ಗರ್ಭಕೋಶ ಹಿಂಡಿಸೋ ಪ್ರೋಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಸುರಿದು ನೋವು ಬಲಿತೈತೆ.

ಕೊನೆ ಮೂರು ತಿಂಗಳು ಇನ್ನೊಂದು ನಡೀತಿರ್ತೈತೆ, ತಾಯಿಯ ಐಜಿಜಿ ಅನ್ನೋ ಆಂಟಿಬಾಡಿ (ರೋಗದ ವಿರುದ್ಧ ಕಾಯೋ ಪ್ರೋಟೀನು) ಮಾಸು ದಾಟಿ ಕೂಸಿಗೆ ಹೋಗ್ತಾವೆ, ದಿನ ತುಂಬಿ ಹುಟ್ಟಿದ ಕೂಸಲ್ಲಿ ಅವು ತಾಯಿಗಿಂತ ಜಾಸ್ತಿನೂ ಇರ್ತಾವೆ. ಹೆತ್ತ ಮೇಲೆ ಗಿಣ್ಣದ ಹಾಲು ಹಿಂಡಿ ಚೆಲ್ಲು ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಕೇಳಬ್ಯಾಡ್ರಿ, ಅದ್ರಲ್ಲಿ ಐಜಿಎ ಅನ್ನೋ ಇನ್ನೊಂದು ಆಂಟಿಬಾಡಿ ತುಂಬಿರ್ತೈತೆ.

ಫ್ಲೂ ಮತ್ತು ಕೆಟ್ಟ ನೀರಿಂದ ಬರೋ ಹೆಪಟೈಟಿಸ್ ಇ ಕಾಮಾಲೆ ಮಾತ್ರ ಈ ತಿಂಗಳಲ್ಲಿ ಜೋರಾಗಿ ಹೊಡೀತಾವೆ, ನೀರು ಕುದಿಸಿ ಆರಿಸಿ ಕೊಡ್ರಿ. 13,000 ಒಂದನ್ನೇ ನೋಡಿ ಹೆದರಬ್ಯಾಡ್ರಿ, ರಿಪೋರ್ಟ್ ಡಾಕ್ಟರಿಗೆ ತೋರಿಸ್ರಿ. ಜ್ವರ, ಉರಿಮೂತ್ರ, ನೀರು ಸೋರೋದು, ಕಣ್ಣು ಹಳದಿ, ಇದ್ರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅನ್ನದೆ ರಾತ್ರಿನೇ ಕರ್ಕೊಂಡು ಹೋಗ್ರಿ.