ಓಬರ್ಲಿನ್: ಊರು ಮೊದಲೋ, ಕಾಲೇಜು ಮೊದಲೋ?

ಪ್ರ: ಅಮೆರಿಕದ ಓಬರ್ಲಿನ್ ಹೆಸರು ಗುಲಾಮಗಿರಿ ವಿರುದ್ಧದ ಹೋರಾಟದ ಚರಿತ್ರೆಯಲ್ಲೂ ಬರುತ್ತದೆ, ಅಲ್ಯೂಮಿನಿಯಂ ಪಾಠದಲ್ಲೂ ಬರುತ್ತದೆ. ಎರಡೂ ಒಂದೇ ಊರೇ? ಅಲ್ಲಿ ಮೊದಲು ಬಂದದ್ದು ಊರೋ, ಕಾಲೇಜೋ?

ಉ: ಒಂದೇ ಊರು. ಓಹಿಯೊ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್‌ನಿಂದ ನೈರುತ್ಯಕ್ಕಿದೆ. ಪಾದ್ರಿ ಜಾನ್ ಶಿಫರ್ಡ್ ಮತ್ತು ಅವರ ಗೆಳೆಯ ಫಿಲೊ ಸ್ಟೂವರ್ಟ್ 1833ರಲ್ಲಿ ಕಾಡು ಕಡಿಸಿ ಎರಡನ್ನೂ ಒಟ್ಟಿಗೇ ಶುರುಮಾಡಿದರು. ನೆಲೆಸಲು ಬಂದವರು ಸರಳ ಬದುಕಿನ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದರು. ಹೊಗೆಸೊಪ್ಪು, ಮದ್ಯ ಹಾಗಿರಲಿ, ಆದಷ್ಟೂ ಚಹಾ ಕಾಫಿಯನ್ನೂ ಬಿಡಬೇಕಿತ್ತು!

ಕಾಲೇಜಿಗೆ ಬೇಗನೆ ಹಣದ ಮುಗ್ಗಟ್ಟು ಬಂತು. ಅದೇ ಹೊತ್ತಿಗೆ ಸಿನ್ಸಿನಾಟಿಯ ಲೇನ್ ಸೆಮಿನರಿ ಎಂಬ ಪಾದ್ರಿಗಳ ತರಬೇತಿ ಶಾಲೆಯಲ್ಲಿ ಗುಲಾಮಗಿರಿಯ ಚರ್ಚೆಗೆ ತಡೆ ಬಿದ್ದು ವಿದ್ಯಾರ್ಥಿಗಳು ಹೊರಬಿದ್ದಿದ್ದರು. ಕಪ್ಪು ಜನರಿಗೂ ಪ್ರವೇಶ ಕೊಟ್ಟರೆ ಓಬರ್ಲಿನ್‌ಗೆ ಬರುತ್ತೇವೆ ಎಂದರು. ಅವರ ಬೆನ್ನಿಗೆ ನ್ಯೂಯಾರ್ಕಿನ ವರ್ತಕರಾದ ಟ್ಯಾಪನ್ ಸಹೋದರರ ಹಣವಿತ್ತು. 1835ರಲ್ಲಿ ಆಡಳಿತ ಮಂಡಳಿಯ ಮತಗಳು ಸಮಸಮ ಬಿದ್ದಾಗ ಮಂಡಳಿಯ ಅಧ್ಯಕ್ಷ ಜಾನ್ ಕೀಪ್ ಆ ಪ್ರವೇಶದ ಪರವಾಗಿ ಮತ ಹಾಕಿದರು. ಆದರ್ಶದ ಜೊತೆ ಬರಿದಾದ ಪೆಟ್ಟಿಗೆಯೂ ಆ ತೀರ್ಮಾನ ಮಾಡಿಸಿತು ಎನ್ನುವುದೇ ಸರಿ. 1837ರಲ್ಲಿ ನಾಲ್ವರು ಹೆಣ್ಣುಮಕ್ಕಳು ಪದವಿ ತರಗತಿಗೆ ಸೇರಿದರು. 1841ರಲ್ಲಿ ಅವರಲ್ಲಿ ಮೂವರು ಪದವಿ ಪಡೆದರು.

ಹೀಗೆ ಬಂದು ಸೇರಿದವರೇ ಊರಿನ ಸ್ವಭಾವವಾದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಜಾನ್ ಪ್ರೈಸ್‌ನನ್ನು 1858ರಲ್ಲಿ ಹಿಡಿದು ಪಕ್ಕದ ವೆಲಿಂಗ್ಟನ್‌ಗೆ ಒಯ್ದಾಗ, ಊರವರೂ ವಿದ್ಯಾರ್ಥಿಗಳೂ ಅಲ್ಲಿಗೇ ನುಗ್ಗಿ ಬಿಡಿಸಿದರು. ಅವನನ್ನು ಕೆನಡಾಕ್ಕೆ ದಾಟಿಸಿದರು; 37 ಮಂದಿಯ ಮೇಲೆ ಮೊಕದ್ದಮೆ ಬಿತ್ತು.

ಪ್ರ: ಇನ್ನು ಅಲ್ಯೂಮಿನಿಯಂ ಪಾಠ. ಓಬರ್ಲಿನ್ ಕಾಲೇಜಿನಲ್ಲಿ ಓದಿದ ಚಾರ್ಲ್ಸ್ ಮಾರ್ಟಿನ್ ಹಾಲ್ ಅದೇ ಊರಿನ ತಮ್ಮ ಮನೆಯ ಸೌದೆ ಕೊಟ್ಟಿಗೆಯಲ್ಲಿ ಅಲ್ಯೂಮಿನಿಯಂ ತೆಗೆದದ್ದು ಹೇಗೆ?

ಉ: ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಕರಗಲು 2000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಹಾಲ್ ಅದನ್ನು ಕ್ರಯೋಲೈಟ್ ಎಂಬ ಖನಿಜದ ಕರಗಿದ ದ್ರವಕ್ಕೆ ಬೆರೆಸಿದಾಗ ಸುಮಾರು 1000 ಡಿಗ್ರಿ ಸಾಕಾಯಿತು. ಆ ದ್ರವದಲ್ಲಿ ವಿದ್ಯುತ್ ಹರಿಸಿದರೂ ಮೊದಲು ಲೋಹ ಬರಲಿಲ್ಲ. ಮೂಸೆ ಜೇಡಿಮಣ್ಣಿನದು, ಅದರ ಸಿಲಿಕಾ ದ್ರವದಲ್ಲಿ ಕರಗಿ ಸಿಲಿಕಾನ್ ಕೂಡುತ್ತಿತ್ತು. ಮೂಸೆಯ ಒಳಮೈಗೆ ಇಂಗಾಲದ ಪದರ ಕೊಟ್ಟ ಮೇಲೆ, 1886ರ ಫೆಬ್ರವರಿ 23ರಂದು ಬೆಳ್ಳಗಿನ ಪುಟ್ಟ ಗುಂಡುಗಳು ಸಿಕ್ಕವು. ಬ್ಯಾಟರಿಗಳನ್ನೂ ಅವರೇ ಕಟ್ಟಿಕೊಂಡಿದ್ದರು. ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಅಕ್ಕ ಜೂಲಿಯಾ ನೆರವಿಗಿದ್ದರು. ಚರಿತ್ರೆ ಆಕೆಯನ್ನು ಬದಿಗಿಟ್ಟದ್ದು ಅನ್ಯಾಯ. ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬವರು ಕೂಡ ಅದೇ ವರ್ಷ ಇದೇ ವಿಧಾನ ಕಂಡುಹಿಡಿದರು.

ಪ್ರ: ಊರ ನಡುವೆ ಅಷ್ಟು ದೊಡ್ಡ ಖಾಲಿ ಮೈದಾನವೇಕೆ?

ಉ: ಸುಮಾರು 13 ಎಕರೆಯ ಟ್ಯಾಪನ್ ಸ್ಕ್ವೇರ್ ಅದು, ಕಾಲೇಜಿನ ಆಸ್ತಿ. ಹಿಂದೆ ಅದರ ಮೇಲೆ ಕಾಲೇಜು ಕಟ್ಟಡಗಳಿದ್ದವು. 1914ರಲ್ಲಿ ತೀರಿಕೊಂಡ ಹಾಲ್ ಕಾಲೇಜಿಗೆ ದೊಡ್ಡ ಮೊತ್ತ ಬಿಟ್ಟುಹೋಗಿದ್ದರು. ಮೈದಾನದಿಂದ ಕಟ್ಟಡಗಳನ್ನು ತೆಗೆಯಬೇಕೆಂಬ ಷರತ್ತು ಅವರ ಉಯಿಲಿನಲ್ಲಿತ್ತು.